ಬೇ ಏರಿಯಾದಲ್ಲಿ ಫೈರ್ ಸೈನ್ಸ್ ಓದು: ಫೀಸು ಎಷ್ಟು, ಕೆಲಸ ಯಾರಿಗೆ?

ಗಲ್ಫ್‌ನ ರಿಫೈನರಿ, ಮಾಲ್, ದೊಡ್ಡ ಕಟ್ಟಡಗಳಲ್ಲಿ ಫೈರ್ ಆಂಡ್ ಸೇಫ್ಟಿ ಕೆಲಸ ಮಾಡುವ ಕನ್ನಡಿಗರಿದ್ದಾರೆ. ಅಂಥ ಮನೆಯವರಿಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ನೆಂಟರಿದ್ದರೆ, "ಪಿಯುಸಿ ಆಯ್ತಲ್ಲ, ಮಗ ಅಲ್ಲೇ ಹೋಗಿ ಫೈರ್ ಸೈನ್ಸ್ ಓದಲಿ" ಎಂಬ ಮಾತು ಬರುವುದುಂಟು. ಓದಬಹುದು. ಆದರೆ ಈ ಡಿಗ್ರಿ ಬೇರೆ, ಅಗ್ನಿಶಾಮಕ ದಳದ ಕೆಲಸ ಬೇರೆ. ಹಣ ಕಟ್ಟುವ ಮುಂಚೆ ಇದು ಗೊತ್ತಿರಬೇಕು.

ಎಲ್ಲಿ, ಏನು ಕಲಿಸುತ್ತಾರೆ?

ಇದು 'ಅಸೋಸಿಯೇಟ್ ಡಿಗ್ರಿ', ಸುಮಾರು 2 ವರ್ಷದ, 60 ಯೂನಿಟ್‌ನ ಓದು. ಸರಕಾರಿ ಕಮ್ಯುನಿಟಿ ಕಾಲೇಜುಗಳಲ್ಲಿ ಸಿಗುತ್ತದೆ: ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೊ, ಹೇವರ್ಡ್‌ನ ಚಾಬೊ ಕಾಲೇಜು, ಕಾಲೇಜ್ ಆಫ್ ಸ್ಯಾನ್ ಮಟೇಯೊ, ಲಿವರ್ಮೋರ್‌ನ ಲಾಸ್ ಪೊಸಿಟಾಸ್. ಬೆಂಕಿ ಹೇಗೆ ಹರಡುತ್ತದೆ, ಯಾವ ಕಟ್ಟಡ ಹೇಗೆ ಕುಸಿಯುತ್ತದೆ, ಸ್ಪ್ರಿಂಕ್ಲರ್, ಅಲಾರಾಂ, ತಪಾಸಣೆ ಇವೇ ಮುಖ್ಯ ಪಾಠಗಳು.

ಆ ಊರಿಗೆ ಬೆಂಕಿಯ ಪಾಠ ಹೊಸದಲ್ಲ. 1906ರ ಏಪ್ರಿಲ್ 18ರ ಭೂಕಂಪದಲ್ಲಿ ನೀರಿನ ಪೈಪು ಒಡೆದು ಸ್ಯಾನ್ ಫ್ರಾನ್ಸಿಸ್ಕೊ ದಿನಗಟ್ಟಲೆ ಉರಿಯಿತು. 1991ರ ಅಕ್ಟೋಬರ್‌ನಲ್ಲಿ ಓಕ್ಲೆಂಡ್ ಗುಡ್ಡದ ಬೆಂಕಿಗೆ 25 ಜನ ಸತ್ತರು. ಆಗ ನೆರವಿಗೆ ಬಂದ ಬೇರೆ ಊರುಗಳ ಹೋಸ್ ಓಕ್ಲೆಂಡ್‌ನ ಹೈಡ್ರಂಟ್‌ಗೆ ಕೂಡಲಿಲ್ಲ. ಇಲ್ಲಿ 3 ಇಂಚು, ಅಲ್ಲಿ ಎರಡೂವರೆ ಇಂಚು!

ಫೀಸಿನ ಲೆಕ್ಕ

ಕ್ಯಾಲಿಫೋರ್ನಿಯಾ ನಿವಾಸಿಗೆ ಯೂನಿಟ್‌ಗೆ 46 ಡಾಲರ್. 60 ಯೂನಿಟ್‌ಗೆ 2,760 ಡಾಲರ್ ಆಯಿತು. ಹೊರಗಿನವರು ಇದರ ಮೇಲೆ ಬೇರೆ ಟ್ಯೂಷನ್ ಫೀಸು ಕಟ್ಟಬೇಕು. ಅದನ್ನು ಯೂನಿಟ್‌ಗೆ 300 ಡಾಲರ್ ಎಂದಿಟ್ಟುಕೊಂಡರೂ ಇನ್ನೂ 18,000 ಡಾಲರ್. ಪುಸ್ತಕ, ಇನ್ಶೂರೆನ್ಸ್, ಬಾಡಿಗೆ ಬೇರೆ. ಬೇ ಏರಿಯಾದ ಬಾಡಿಗೆ ಅಮೆರಿಕದಲ್ಲೇ ದುಬಾರಿ. ನೆಂಟರ ಮನೆಯಲ್ಲಿ ಉಳಿದ ಮಾತ್ರಕ್ಕೆ ಸ್ಟೂಡೆಂಟ್ ವೀಸಾದವರು ಫೀಸಿಗೆ 'ನಿವಾಸಿ' ಆಗುವುದಿಲ್ಲ.

ಡಿಗ್ರಿ ಆಯಿತು, ಕೆಲಸ?

ಫೈರ್‌ಫೈಟರ್ ಆಗಲು ಡಿಗ್ರಿ ಒಂದೇ ಸಾಲದು. ಅಲ್ಲಿ ದಳಕ್ಕೆ ಬರುವ ಕರೆಗಳಲ್ಲಿ ಹೆಚ್ಚಿನವು ಬೆಂಕಿಯದ್ದಲ್ಲ, ಕಾಯಿಲೆ-ಅಪಘಾತದ್ದು. ಹಾಗಾಗಿ ಇಎಂಟಿ ಸರ್ಟಿಫಿಕೇಟ್ ಸಾಮಾನ್ಯವಾಗಿ ಬೇಕೇ ಬೇಕು. ಅದಕ್ಕೆ 18 ವರ್ಷ ತುಂಬಿರಬೇಕು. 'ಸಿಪ್ಯಾಟ್' ಎಂಬ ದೈಹಿಕ ಪರೀಕ್ಷೆಯಲ್ಲಿ ಸುಮಾರು 22.7 ಕಿಲೋ ಭಾರದ ಜಾಕೆಟ್ ಹಾಕಿಕೊಂಡು 8 ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನೊಳಗೆ ಮುಗಿಸಬೇಕು. ಅಕಾಡೆಮಿ ತರಬೇತಿ ಇನ್ನೊಂದು ಹಂತ.

ಎಲ್ಲಕ್ಕಿಂತ ದೊಡ್ಡದು ಕಾಗದಪತ್ರ. ಅಮೆರಿಕದಲ್ಲಿ ಕಾಯಂ ಆಗಿ ದುಡಿಯುವ ಕಾನೂನು ಹಕ್ಕು ಇಲ್ಲದಿದ್ದರೆ ಡಿಗ್ರಿ ಕೈಯಲ್ಲಿದ್ದರೂ ಬಾಗಿಲು ತೆರೆಯುವುದು ಕಷ್ಟ. ಅಲ್ಲೇ ಬೆಳೆದ ಎಚ್-4 ಮಕ್ಕಳಿಗೂ ಈ ತೊಂದರೆ ಇದೆ: ಆ ವೀಸಾದಲ್ಲಿ ಮಕ್ಕಳು ದುಡಿಯುವಂತಿಲ್ಲ, 21 ತುಂಬಿದರೆ ಅದೂ ಮುಗಿಯುತ್ತದೆ.

ಹಾಗಾದರೆ ಯಾರಿಗೆ ಲಾಭ?

ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವ ಮಕ್ಕಳಿಗೆ ಇದು ಕಡಿಮೆ ಖರ್ಚಿನ ಒಳ್ಳೆಯ ದಾರಿ. ಉಳಿದವರು ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನ ಫೈರ್ ಎಂಜಿನಿಯರಿಂಗ್ ಬಿ.ಇ.ಯನ್ನು ಮೊದಲು ನೋಡುವುದು ಒಳ್ಳೆಯದು. ಮಗನಿಗೆ ಯಾವ ವೀಸಾ, ಅದರಲ್ಲಿ ದುಡಿಯಬಹುದಾ? ಈ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಫೀಸು ಕಟ್ಟಿ.