ಸಿಪಾಯಿಯ ಓಲೆ

ಇತಿಹಾಸವೆಂದರೆ ಸೇನಾಪತಿಗಳ ವೃತ್ತಾಂತವೆಂದೇ ನಾವು ಬಹುಮಟ್ಟಿಗೆ ಓದಿರುತ್ತೇವೆ. ನಡೆದು ನಡೆದು ಕಾಲು ಬಾತ ಸಿಪಾಯಿಯು ಮನೆಗೆ ಏನು ಬರೆದನೆಂದು ವಿಚಾರಿಸುವವರು ವಿರಳ.

1914ನೆಯ ಇಸವಿಯ ಸೆಪ್ಟೆಂಬರ್ ಕೊನೆಯಲ್ಲಿ ಹಿಂದೂಸ್ಥಾನದ ಪಡೆಗಳು ಫ್ರಾನ್ಸಿನ ಮಾರ್ಸೇಲ್ಸ್ ರೇವಿನಲ್ಲಿ ಇಳಿದುವು. ತೆಳುವಾದ ಉಡುಪಿನಲ್ಲಿ ಬಂದವರು ಮರುತಿಂಗಳೇ ಬೆಲ್ಜಿಯಮಿನ ಈಪ್ರ್ ಪಟ್ಟಣದ ಬಳಿಯ ಕಂದಕಗಳನ್ನು ಸೇರಿ, ಆ ಚಳಿಗಾಲದ ಕೆಸರನ್ನೂ ಹಿಮವನ್ನೂ ಅನುಭವಿಸಿದರು. ಅನೇಕರಿಗೆ ಅಕ್ಷರ ಬಾರದು. ಅವರು ಹೇಳಿದುದನ್ನು ಬಲ್ಲ ಸಂಗಡಿಗರು ಬರೆದುಕೊಡುತ್ತಿದ್ದರು. ನಡುದಾರಿಯಲ್ಲಿ ಸರಕಾರದ ತನಿಖೆ. ಊರಿನಲ್ಲಿ ಎಷ್ಟೋ ಮನೆಗಳಿಗೆ ಮತ್ತೊಬ್ಬರು ಓದಿ ಹೇಳಬೇಕು. ಹೀಗೆ ಗಂಡನ ಮಾತು ಮೂವರನ್ನು ದಾಟಿ ಹೆಂಡತಿಯನ್ನು ಮುಟ್ಟುತ್ತಿತ್ತು. ಇದನ್ನರಿತ ಕೆಲವರು ತಮ್ಮವರಿಗೆ ಕರಿಮೆಣಸೆಂದೂ ಬಿಳಿಯ ಸೈನಿಕರಿಗೆ ಕೆಂಪು ಮೆಣಸಿನಕಾಯಿಯೆಂದೂ ಸಂಕೇತವಿಟ್ಟು, ಕರಿಮೆಣಸು ಮುಗಿಯುತ್ತ ಬಂದಿತೆಂದು ತಿಳಿಸಿದರು. ಅಡುಗೆಮನೆಯ ಈ ಮಾತಿನಲ್ಲಿ ಸಾವಿನ ಲೆಕ್ಕವಿತ್ತು. ತನಿಖೆಯವರು ಅದನ್ನೂ ಕಂಡುಹಿಡಿದು ಬರೆದಿಟ್ಟರು.

ವಿಧಿಯ ವಿಚಿತ್ರವನ್ನು ನೋಡಿರಿ! ಮೂಲ ಓಲೆಗಳು ಬಹುಪಾಲು ಕಳೆದುಹೋದುವು. ಬಾಯಿ ಕಟ್ಟಲು ಕುಳಿತವರ ಇಂಗ್ಲಿಷ್ ಭಾಷಾಂತರಗಳೇ ಲಂಡನ್ನಿನಲ್ಲಿ ಉಳಿದು ಇಂದು ನಮಗೆ ಆಧಾರವಾಗಿವೆ. ಆ ಸಿಪಾಯಿಗಳ ಸ್ವಂತ ನುಡಿ ಮಾತ್ರ ನಮಗೆ ಕೇಳಿಸದು.

1918ನೆಯ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ರಾವುತರನ್ನು ನಾವು ಕೊಂಡಾಡುತ್ತೇವೆ. ಅವರ ಕೈಬರಹದ ಒಂದು ಕಾಗದವಾದರೂ ಯಾವ ಮನೆಯ ಹಳೆಯ ಪೆಟ್ಟಿಗೆಯಲ್ಲಾದರೂ ಇದ್ದರೆ, ಅದನ್ನು ಗೆದ್ದಲಿಗೆ ಬಿಡದೆ ಕಾಪಾಡುವುದು ನಮ್ಮೆಲ್ಲರ ಕರ್ತವ್ಯ.