ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿ ಯಾವುದಯ್ಯಾ?

ಬೆಂಗಳೂರಿನ ಟ್ರಾಫಿಕ್ಕನ್ನು ಬೈಯ್ಯದ ಬ್ಲಾಗಿಗರು ಯಾರಿದ್ದಾರೆ ಹೇಳಿ! ಈ ಸಲ ಬೈಗುಳ ಬದಿಗಿಡೋಣ. ಒಬ್ಬೊಬ್ಬರೇ ಒಂದೊಂದು ಗಾಡಿ ತೆಗೆಯುವುದನ್ನು ತಪ್ಪಿಸಲು ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಏನೇನು ಮಾಡಿ ನೋಡಿದರು ಅನ್ನೋ ಕಥೆ ಇದು.

ಜಯನಗರಕ್ಕೆ ಅಡಿಗಲ್ಲು ಬಿದ್ದಿದ್ದು 1948ರಲ್ಲಿ. ಆಗ ಊರಲ್ಲಿ ಓಡುತ್ತಿದ್ದುದು 1940ರಲ್ಲಿ ಶುರುವಾದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯ ಬಸ್ಸು. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ಬಿಟಿಎಸ್ ಆಯಿತು, 1997ರಲ್ಲಿ ಬಿಎಂಟಿಸಿ. ಹಳೇ ಬಸ್ಸುಗಳು ಹೆಚ್ಚಾಗಿ ಮೆಜೆಸ್ಟಿಕ್ಕು, ಮಾರ್ಕೆಟ್ಟಿನ ಕಡೆಗೇ ಮುಖ ಮಾಡಿದ್ದವು. ನಮ್ಮಂಥವರ ಕೆಲಸ ಮಾತ್ರ ಎಲೆಕ್ಟ್ರಾನಿಕ್ ಸಿಟಿ, ಹೊರವರ್ತುಲ ರಸ್ತೆಯ ಕಡೆ ಹೋಯಿತು. ಜನ ಬೈಕು ಕೊಂಡರು, ಆಮೇಲೆ ಕಾರು.

2010 ನನಗೆ ಬಲು ಸ್ವಾರಸ್ಯದ ವರ್ಷ. ಜನವರಿಯಲ್ಲಿ ಹೊಸೂರು ರಸ್ತೆಯ ಮೇಲೆ ಸುಮಾರು 10 ಕಿ.ಮೀ. ಉದ್ದದ ಟೋಲ್ ಮೇಲ್ಸೇತುವೆ ತೆರೆಯಿತು. ಫೆಬ್ರವರಿ 4ಕ್ಕೆ ಬಿಎಂಟಿಸಿ 'ಬಸ್ ದಿನ' ಶುರು ಮಾಡಿತು: ಪ್ರತಿ ತಿಂಗಳ 4ನೇ ತಾರೀಕು ಗಾಡಿ ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿ ಅಂತ. ಕಾರಿಗೆ ದಿನವೂ ಹೊಸ ದಾರಿ, ಬಸ್ಸಿಗೆ ತಿಂಗಳಿಗೊಂದು ದಿನ! ಮೇಲ್ಸೇತುವೆ ಹತ್ತುವ ಮೊದಲೇ ಸಿಲ್ಕ್ ಬೋರ್ಡಿನಲ್ಲಿ ಎಲ್ಲರೂ ನಿಂತರು ಅನ್ನೋದು ಬೇರೆ ಮಾತು.

2012ರಲ್ಲಿ ಜಯನಗರಕ್ಕೆ ಸೈಕಲ್ ಪಥ ಬಂತು. ಬಣ್ಣದ ಗೆರೆ ಚೆನ್ನಾಗಿತ್ತು, ಆದರೆ ಗೆರೆಯೊಳಗೆ ಕಾರುಗಳು ನಿಂತವು. ಸೈಕಲ್ಲಿನವನು ಮತ್ತೆ ನಡುರಸ್ತೆಗೆ.

ಒಂದೇ ಕ್ಯಾಬಿನಲ್ಲಿ ನಾಲ್ಕು ಜನ ಹೋಗೋಣ ಅಂದರೆ ಅದಕ್ಕೂ ಕಾನೂನಿನ ತೊಡಕು. ಕ್ಯಾಬಿನ ಪರ್ಮಿಟ್ಟಿನಲ್ಲಿ ದಾರಿಯುದ್ದಕ್ಕೂ ಜನ ಹತ್ತಿಸಿ ಇಳಿಸುವಂತಿಲ್ಲ ಎಂದು 2017ರಲ್ಲಿ ಓಲಾ, ಊಬರಿನ ಹಂಚಿಕೆ ಸವಾರಿಗೆ ತಡೆ ಬಿತ್ತು. ಬಿಳಿ ಬೋರ್ಡಿನ ಸ್ವಂತ ಕಾರಲ್ಲಿ ದುಡ್ಡು ತಗೊಂಡು ಕರೆದೊಯ್ಯುವುದೂ ನಿಯಮಕ್ಕೆ ವಿರುದ್ಧ. 2023ರಲ್ಲಿ ಇದೇ ಜಗಳ ಮತ್ತೆ ಎದ್ದಿತು.

ಇನ್ನು ಮೆಟ್ರೋ. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಜಯನಗರ, ಬನಶಂಕರಿ, ಜೆ.ಪಿ. ನಗರ ದಾಟಿ ಯಲಚೇನಹಳ್ಳಿ ಮುಟ್ಟಿತು. ಹಳದಿ ಮಾರ್ಗಕ್ಕಾಗಿ ಇಪ್ಪತ್ತು ವರ್ಷವೂ ತುಂಬದ ಜಯದೇವ ಮೇಲ್ಸೇತುವೆಯನ್ನೇ ಕೆಡವಿದರು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿ.ಮೀ. ಮಾರ್ಗ ಉದ್ಘಾಟನೆಯಾಯಿತು. ಮೊದಮೊದಲು ಮೂರೇ ರೈಲು, 25 ನಿಮಿಷಕ್ಕೊಂದು. ಆದರೂ ಬಿಟಿಎಂನವರು ಕಾದು ಹತ್ತಿದರು. ಯಾಕೆಂದರೆ ಅದರ ದಾರಿಗೆ ಕಾರು ಅಡ್ಡ ನಿಲ್ಲಲ್ಲ!

ಎಂಬತ್ತು ವರ್ಷದ ಕಥೆಯಲ್ಲಿ ನನಗೆ ಕಂಡಿದ್ದು ಇಷ್ಟೇ: ಉಪದೇಶಕ್ಕೆ, ಬಣ್ಣದ ಗೆರೆಗೆ ಜನ ಗಾಡಿ ಬಿಡಲ್ಲ. ತನ್ನದೇ ದಾರಿಯಿದ್ದು, ಕಾಯಿಸದೆ ಬರುವ ಗಾಡಿಗೆ ಬಿಡುತ್ತಾರೆ. ಎಲ್ಲ ಬೀದಿಗೂ ಮೆಟ್ರೋ ಬರಲ್ಲ. ಹಾಗಾಗಿ ಬಸ್ಸಿಗೂ ಅಂಥದೊಂದು ದಾರಿ ಬೇಕು. ಅದನ್ನು ಕೊಡಬೇಕಾದರೆ ಕಾರಿನ ಜಾಗದಲ್ಲೇ ಕೊಡಬೇಕು. ಕಷ್ಟ ಇರೋದೇ ಅಲ್ಲಿ.

ನಿಮ್ಮ ಬಡಾವಣೆಯ ಕಥೆ ಏನು? ನೀವೂ ಬರೆಯಿರಿ.