ಎಂಟು ಪದಕಗಳ ಲಾರಿ ಚಾಲಕ

ಐರ್ಲೆಂಡ್ ಎಂದೊಡನೆ ನನ್ನ ತರಗತಿಯಲ್ಲಿ ಚರಿತ್ರೆ ಓದಿದವರಿಗೆ ಸೋದರಿ ನಿವೇದಿತಾ ಹುಟ್ಟಿದ ನಾಡು, ಹೋಂರೂಲ್ ಎಂಬ ಮಾತು ನಮಗೆ ಬಂದ ನಾಡು ಎಂಬಷ್ಟು ನೆನಪಿಗೆ ಬರಬಹುದು. ಪಠ್ಯಪುಸ್ತಕ ಅಷ್ಟಕ್ಕೇ ನಿಲ್ಲುತ್ತಿತ್ತು, ಗಂಟೆಯೂ ಹೊಡೆಯುತ್ತಿತ್ತು. ಆ ದೇಶದ ಒಬ್ಬ ಆಟಗಾರನ ಕಥೆಯನ್ನು ಇಲ್ಲಿ ಸಾವಕಾಶವಾಗಿ ಹೇಳಬೇಕೆನಿಸಿದೆ. ಅವನ ಹೆಸರು ಕ್ರಿಸ್ಟಿ ರಿಂಗ್, ಆಟ ಹರ್ಲಿಂಗ್.

ಮೊದಲು ಆಟದ ಪರಿಚಯವಾಗಲಿ. ನಮ್ಮ ಹಾಕಿಯನ್ನು ನೆಲದಿಂದ ಎತ್ತಿ ಗಾಳಿಯಲ್ಲಿ ಆಡಿದರೆ ಹೇಗಿದ್ದೀತೋ ಹಾಗೆ. ತಂಡಕ್ಕೆ ಹದಿನೈದು ಜನ. ಕೈಯಲ್ಲಿ ಆ್ಯಷ್ ಎಂಬ ಮರದಿಂದ ಮಾಡಿದ, ತುದಿ ಅಗಲವಾದ ಕೋಲು. ಅದಕ್ಕೆ ಹರ್ಲಿ ಎನ್ನುತ್ತಾರೆ. ಚರ್ಮದ ಗಟ್ಟಿ ಚೆಂಡನ್ನು ಬಲೆಯೊಳಕ್ಕೆ ಹೊಡೆದರೆ ಗೋಲು, ಅದಕ್ಕೆ ಮೂರು ಪಾಯಿಂಟ್. ಅಡ್ಡಪಟ್ಟಿಯ ಮೇಲಿಂದ ಕಂಬಗಳ ನಡುವೆ ಹಾಯಿಸಿದರೆ ಒಂದು. ಅಂಕವನ್ನು 2-8 ಎಂದು ಬರೆದರೆ ಎರಡು ಗೋಲು, ಎಂಟು ಪಾಯಿಂಟ್, ಒಟ್ಟು ಹದಿನಾಲ್ಕು ಎಂದು ಲೆಕ್ಕ ಹಾಕಬೇಕು. ಈ ಆಟವನ್ನು ನಡೆಸುವುದು 1884ರಲ್ಲಿ ಥರ್ಲ್ಸ್ ಎಂಬ ಊರಿನಲ್ಲಿ ಸ್ಥಾಪಿತವಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. ಆಂಗ್ಲರ ಆಳ್ವಿಕೆಯಲ್ಲಿ ತಮ್ಮತನವನ್ನು ಉಳಿಸಿಕೊಳ್ಳುವುದೇ ಅದರ ಹುಟ್ಟಿನ ಉದ್ದೇಶ. ಈ ಸಂಸ್ಥೆಯ ಸದಸ್ಯರು ಫುಟ್‌ಬಾಲ್, ರಗ್ಬಿ, ಹಾಕಿ, ಕ್ರಿಕೆಟ್‌ನಂತಹ ‘ಪರದೇಶಿ ಆಟ’ಗಳನ್ನು ಆಡಬಾರದೆಂಬ ನಿಷೇಧ 1971ರವರೆಗೂ ಇತ್ತು. ಕ್ರಿಕೆಟ್ ಆಡಿದ್ದಕ್ಕೆ ತಂಡದಿಂದ ಹೊರಹಾಕುವರೆಂದರೆ ನಮ್ಮ ಹುಡುಗರು ನಂಬಲಿಕ್ಕಿಲ್ಲ!

ರಿಂಗ್ ಹುಟ್ಟಿದ್ದು 1920ರ ಅಕ್ಟೋಬರ್‌ನಲ್ಲಿ, ದಕ್ಷಿಣದ ಕಾರ್ಕ್ ಕೌಂಟಿಯ ಕ್ಲೋಯ್ನ್ ಎಂಬ ಹಳ್ಳಿಯ ಬಳಿ. ಅದೇ ತಿಂಗಳ 25ರಂದು ಕಾರ್ಕ್ ನಗರದ ಮೇಯರ್ ಟೆರೆನ್ಸ್ ಮ್ಯಾಕ್‌ಸ್ವೀನಿ ಲಂಡನ್ನಿನ ಸೆರೆಮನೆಯಲ್ಲಿ 74 ದಿನಗಳ ಉಪವಾಸದ ನಂತರ ಪ್ರಾಣಬಿಟ್ಟನು. 1929ರಲ್ಲಿ ನಮ್ಮ ಜತೀಂದ್ರನಾಥ ದಾಸ್ ಲಾಹೋರಿನ ಜೈಲಿನಲ್ಲಿ 63 ದಿನ ಉಪವಾಸ ಮಾಡಿ ಮಡಿದಾಗ ಸಂತಾಪದ ತಂತಿ ಬಂದದ್ದು ಇದೇ ಮ್ಯಾಕ್‌ಸ್ವೀನಿಯ ಕುಟುಂಬದಿಂದ. ಮರುತಿಂಗಳು, ನವೆಂಬರ್ 21ರಂದು, ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಗೇಲಿಕ್ ಫುಟ್‌ಬಾಲ್ ಪಂದ್ಯ ನಡೆಯುತ್ತಿದ್ದಾಗ ಸರ್ಕಾರಿ ಪಡೆಗಳು ಗುಂಡು ಹಾರಿಸಿದವು. ಹದಿನಾಲ್ಕು ಜನ ಸತ್ತರು. ಮುಂದೆ ರಿಂಗ್ ಕೀರ್ತಿ ಗಳಿಸಿದ್ದು ಅದೇ ನೆಲದ ಮೇಲೆ.

ಓದು ಬೇಗನೆ ನಿಂತಿತು. ಹತ್ತಿರದ ಮಿಡಲ್‌ಟನ್‌ನಲ್ಲಿ ಮೆಕ್ಯಾನಿಕ್ ಕೆಲಸ ಕಲಿಯಲು ಸೇರಿದ ಹುಡುಗ, ಆಮೇಲೆ ಲಾರಿ ಚಾಲಕನಾದ. ಕೊನೆಗೆ ಶೆಲ್ ಕಂಪನಿಯ ತೈಲದ ಟ್ಯಾಂಕರ್ ಓಡಿಸಿದ. ಹರ್ಲಿಂಗ್ ಹವ್ಯಾಸಿ ಆಟ. ಕೌಂಟಿಗೆ ಆಡಿದರೂ ಸಂಬಳವಿಲ್ಲ. ಭಾನುವಾರ ಎಂಬತ್ತು ಸಾವಿರ ಜನರ ಮುಂದೆ ಆಡಿದವನು ಮತ್ತೆ ಸ್ಟೀರಿಂಗ್ ಹಿಡಿಯಬೇಕು. ಇದನ್ನು ಮರೆತರೆ ಈತನ ಜೀವನ ನಮಗೆ ಅರ್ಥವಾಗದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅಲ್ಲಿ ಆಟಗಾರನೊಬ್ಬನಿಗೆ ಎರಡು ನಿಷ್ಠೆಗಳು: ಮೊದಲನೆಯದು ಊರಿನ ಅಥವಾ ಬಡಾವಣೆಯ ಕ್ಲಬ್ಬು, ಎರಡನೆಯದು ಕೌಂಟಿ. ಕ್ಲಬ್ಬನ್ನು ಬದಲಿಸುವುದು ಸುಲಭದ ಮಾತಲ್ಲ. ಅದು ಮನೆತನ ಬಿಟ್ಟ ಹಾಗೆ. ರಿಂಗ್ ಬಿಟ್ಟ. 1941ರಲ್ಲಿ ಕ್ಲೋಯ್ನ್ ತೊರೆದು ಕಾರ್ಕ್ ನಗರದ ಉತ್ತರಭಾಗದ, ದುಡಿಯುವ ಜನರ ಬ್ಲ್ಯಾಕ್‌ಪೂಲ್ ಬಡಾವಣೆಯ ಗ್ಲೆನ್ ರೋವರ್ಸ್ ಸೇರಿದ. ಆ ಕ್ಲಬ್ಬು 1934ರಿಂದ ಪ್ರತಿವರ್ಷವೂ ಕೌಂಟಿ ಚಾಂಪಿಯನ್ ಆಗುತ್ತ ಬಂದಿತ್ತು. ರಿಂಗ್ ಬಂದ ವರ್ಷ ಎಂಟನೆಯ ಬಾರಿ ಗೆದ್ದಿತು. ಅಲ್ಲಿ ಅವನ ಜೊತೆಗಾರ ಜ್ಯಾಕ್ ಲಿಂಚ್, ಮುಂದೆ ವಕೀಲನಾಗಿ, ರಾಜಕಾರಣಿಯಾಗಿ, 1966ರಲ್ಲಿ ದೇಶದ ಪ್ರಧಾನಮಂತ್ರಿಯೇ ಆದವನು. ಒಂದೇ ಕ್ಲಬ್ಬಿನಲ್ಲಿ ಒಬ್ಬ ಭಾವೀ ಪ್ರಧಾನಿ, ಒಬ್ಬ ಲಾರಿ ಚಾಲಕ! ಬ್ಲ್ಯಾಕ್‌ಪೂಲಿನವರಿಗೆ ಇದರಲ್ಲಿ ಆಶ್ಚರ್ಯವೇನೂ ಕಂಡಿರಲಾರದು.

ಕೌಂಟಿಯ ಕಡೆ ನೋಡಿದರೆ, 1938ರಲ್ಲಿ ಕಿರಿಯರ ತಂಡದೊಂದಿಗೆ ಅಖಿಲ ಐರ್ಲೆಂಡ್ ಪದಕ, 1939ರಲ್ಲಿ ಹಿರಿಯರ ತಂಡಕ್ಕೆ ಪ್ರವೇಶ. 1941ರಲ್ಲಿ ಹಿರಿಯರ ಮೊದಲ ಪದಕ ಬಂದ ಬಗೆ ವಿಚಿತ್ರವಾದುದು. ಆ ವರ್ಷ ದನಗಳಿಗೆ ಕಾಲುಬಾಯಿ ಜ್ವರ ಹರಡಿ, ಟಿಪ್ಪರರಿ ಮತ್ತು ಕಿಲ್ಕೆನಿ ಕೌಂಟಿಗಳ ತಂಡಗಳು ಸ್ಪರ್ಧೆಯಿಂದ ಹೊರಗುಳಿಯಬೇಕಾಯಿತು. ಕಾರ್ಕ್ ತಂಡ ಡಬ್ಲಿನ್ನನ್ನು 5-11, 0-6 ಅಂತರದಿಂದ ಸೋಲಿಸಿ ಚಾಂಪಿಯನ್ ಆಯಿತು. ರೋಗ ಇಳಿದ ಮೇಲೆ, ಮುಂದೂಡಿದ್ದ ಮನ್‌ಸ್ಟರ್ ಪ್ರಾಂತ್ಯದ ಫೈನಲ್ ಆಡಿದಾಗ ಟಿಪ್ಪರರಿಯೇ ಕಾರ್ಕನ್ನು ಸೋಲಿಸಿತು. ದೇಶದ ಚಾಂಪಿಯನ್, ಆದರೆ ತನ್ನ ಪ್ರಾಂತ್ಯದ ಚಾಂಪಿಯನ್ ಅಲ್ಲ! ಆ ಕೊಂಕು ಮಾತಿಗೆ ಕಾರ್ಕ್ ಮುಂದಿನ ಮೂರು ವರ್ಷವೂ ಗೆದ್ದು ಉತ್ತರ ಕೊಟ್ಟಿತು. ಸತತ ನಾಲ್ಕು ಬಾರಿ ಗೆದ್ದ ಮೊದಲ ತಂಡ ಅದೇ.

1944ರ ಮನ್‌ಸ್ಟರ್ ಫೈನಲ್ ಯುದ್ಧಕಾಲದ್ದು. ಪೆಟ್ರೋಲ್ ಇಲ್ಲ. ಜನ ದೂರದೂರದಿಂದ ಸೈಕಲ್ ತುಳಿದು ಥರ್ಲ್ಸ್‌ಗೆ ಬಂದರು. ಎದುರಾಳಿ ಲಿಮರಿಕ್, ಅವರ ನಾಯಕಮಣಿ ಮಿಕ್ ಮ್ಯಾಕಿ, ಹಿಂದಿನ ದಶಕದ ಮಹಾನ್ ಆಟಗಾರ. ಮೊದಲ ಪಂದ್ಯ ಸಮವಾಯಿತು. ಮರುಪಂದ್ಯದ ಕೊನೆಗಳಿಗೆಯಲ್ಲಿ ರಿಂಗ್ ಹೊಡೆದ ಗೋಲು ಲಿಮರಿಕ್‌ನ ಆಸೆಯನ್ನು ಮುಗಿಸಿತು. 1946ರಲ್ಲಿ ಆತನೇ ನಾಯಕ. ಕಿಲ್ಕೆನಿಯ ವಿರುದ್ಧದ ಫೈನಲ್‌ನಲ್ಲಿ ಮೈದಾನದ ನಡುವಿನಿಂದ ಚೆಂಡನ್ನು ಒಯ್ದು, ಅಡ್ಡಬಂದವರನ್ನೆಲ್ಲ ತಪ್ಪಿಸಿ ಹೊಡೆದ ಗೋಲನ್ನು ಕಾರ್ಕ್ ಜನ ತಲೆಮಾರುಗಳವರೆಗೆ ವರ್ಣಿಸಿದರು. ಮರುವರ್ಷ ಅದೇ ಕಿಲ್ಕೆನಿಯೆದುರು ಒಂದೇ ಒಂದು ಪಾಯಿಂಟಿನಿಂದ ಸೋಲು.

ಮತ್ತೆ 1952, 53, 54ರಲ್ಲಿ ಮೂರು ಗೆಲುವುಗಳು. ಆತ ದೇವತೆಯೇನಲ್ಲ. ಗ್ಯಾಲ್ವೇ ವಿರುದ್ಧದ 1953ರ ಫೈನಲ್‌ನಲ್ಲಿ ಎದುರಾಳಿ ನಾಯಕ ಮಿಕ್ ಬರ್ಕ್ ಮುಖಕ್ಕೆ ಪೆಟ್ಟು ತಿಂದ. ಗ್ಯಾಲ್ವೇಯವರು ರಿಂಗ್‌ನತ್ತ ಬೆರಳು ತೋರಿಸಿದರು, ಆ ಕಹಿ ಬಹುಕಾಲ ಉಳಿಯಿತು. ಗೆಲ್ಲಲೇಬೇಕೆಂಬ ಹಟ ಅವನಲ್ಲಿ ಎಷ್ಟು ತೀಕ್ಷ್ಣವಾಗಿತ್ತೆಂದು ತಿಳಿಯಲು ಇದನ್ನೂ ಹೇಳಬೇಕು. 1954ರ ಫೈನಲ್ ನೋಡಲು 84,856 ಜನ ಸೇರಿದ್ದರು. ಹರ್ಲಿಂಗ್ ಚರಿತ್ರೆಯಲ್ಲಿ ಅಷ್ಟು ಜನ ಇನ್ನೆಂದೂ ಸೇರಿಲ್ಲ. ವೆಕ್ಸ್‌ಫರ್ಡ್ ತಂಡದ ರಕ್ಷಕ ನಿಕ್ ಓಡಾನೆಲ್ ಕೊರಳೆಲುಬು ಮುರಿದು ಹೊರಹೋದ, ಕಾರ್ಕ್ 1-9, 1-6ರಿಂದ ಗೆದ್ದಿತು. ರಿಂಗ್‌ಗೆ ಎಂಟನೆಯ ಪದಕ. ಅದುವರೆಗೆ ಯಾರೂ ಎಂಟು ಗೆದ್ದಿರಲಿಲ್ಲ.

ನನಗೆ ಮುಖ್ಯವೆನಿಸುವುದು ಮಾತ್ರ ಗೆಲ್ಲದೆ ಹೋದ ಒಂಬತ್ತನೆಯದು.

1956. ರಿಂಗ್‌ಗೆ ಮೂವತ್ತೈದು ದಾಟುತ್ತಿತ್ತು. ಮನ್‌ಸ್ಟರ್ ಫೈನಲ್‌ನಲ್ಲಿ ಲಿಮರಿಕ್ ಅವನನ್ನು ಬಹುಹೊತ್ತು ಕಟ್ಟಿಹಾಕಿತ್ತು. ಮುದುಕನಾದ ಎಂದುಕೊಳ್ಳುವಷ್ಟರಲ್ಲಿ ಕೆಲವೇ ನಿಮಿಷಗಳೊಳಗೆ ಮೂರು ಗೋಲು ಹೊಡೆದ. ಕಾರ್ಕ್ ನಗರದಲ್ಲಿ ಪೋಲಿಯೊ ಹರಡಿದ್ದರಿಂದ ಅಖಿಲ ಐರ್ಲೆಂಡ್ ಫೈನಲ್ ಸೆಪ್ಟೆಂಬರ್ 23ಕ್ಕೆ ಮುಂದೆ ಹೋಯಿತು. ಎದುರಿಗೆ ಮತ್ತೆ ವೆಕ್ಸ್‌ಫರ್ಡ್. ಕೊನೆಯ ನಿಮಿಷಗಳಲ್ಲಿ ಅವರು ಎರಡು ಪಾಯಿಂಟ್ ಮುಂದಿದ್ದರು. ರಿಂಗ್ ಚೆಂಡು ಹಿಡಿದು ನುಗ್ಗಿ ಬಲವಾಗಿ ಹೊಡೆದ. ಹೋಗಿದ್ದರೆ ಗೋಲು, ಕಾರ್ಕ್ ಒಂದು ಪಾಯಿಂಟ್ ಮುಂದೆ, ಒಂಬತ್ತನೆಯ ಪದಕ ಬಹುತೇಕ ಕೈಯಲ್ಲಿ. ಗೋಲ್‌ಕೀಪರ್ ಆರ್ಟ್ ಫೋಲಿ ಗಿಡ್ಡನೆಯ ಆಳು. ಆತ ಅದನ್ನು ತಡೆದ. ಹಾಗೆ ಹೊರಬಿದ್ದ ಚೆಂಡು ಮೈದಾನದ ಇನ್ನೊಂದು ತುದಿ ಸೇರಿ, ನಿಕಿ ರ‍್ಯಾಕರ್ಡ್ ಅದನ್ನು ಗೋಲಾಗಿಸಿದ. ರಿಂಗ್ ಫೋಲಿಯ ಕೈಕುಲುಕಿದನೆಂದು ಹೇಳುತ್ತಾರೆ. ವೆಕ್ಸ್‌ಫರ್ಡ್ 2-14, ಕಾರ್ಕ್ 2-8.

ಪಂದ್ಯ ಮುಗಿದಾಗ ಗೆದ್ದ ತಂಡದ ಇಬ್ಬರು ಆಟಗಾರರು ಸೋತ ರಿಂಗ್‌ನನ್ನು ಹೆಗಲ ಮೇಲೆ ಹೊತ್ತು ಹೊರತಂದರು. ಒಬ್ಬ ನಿಕಿಯ ತಮ್ಮ ಬಾಬಿ ರ‍್ಯಾಕರ್ಡ್. ಇನ್ನೊಬ್ಬ ನಿಕ್ ಓಡಾನೆಲ್. ಹೌದು, ಎರಡು ವರ್ಷದ ಹಿಂದೆ ಇದೇ ಕಾರ್ಕ್‌ನೆದುರು ಮೂಳೆ ಮುರಿದುಕೊಂಡಿದ್ದವನೇ.

ಆ ಬಳಿಕ ಕೌಂಟಿಗೆ ಪದಕ ಬರಲಿಲ್ಲ. 1957ರ ಒಂದು ಛಾಯಾಚಿತ್ರ ಐರ್ಲೆಂಡಿನಲ್ಲಿ ಪ್ರಸಿದ್ಧ: ಕೈಗೆ ಪಟ್ಟಿ ಸುತ್ತಿಕೊಂಡು ಹೊರನಡೆಯುತ್ತಿರುವ ರಿಂಗ್, ಅಂಪೈರನ ಬಿಳಿ ಅಂಗಿಯಲ್ಲಿ ನಿಂತಿರುವ ಮಿಕ್ ಮ್ಯಾಕಿ, ಇಬ್ಬರೂ ಏನೋ ಆಡಿಕೊಳ್ಳುತ್ತಿದ್ದಾರೆ. ಏನೆಂಬುದು ಅವರಿಬ್ಬರಿಗಷ್ಟೇ ಗೊತ್ತಿತ್ತು.

ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಆತ ಕಾರ್ಕ್‌ಗಾಗಿ ಗಳಿಸಿದ್ದು 33 ಗೋಲು, 208 ಪಾಯಿಂಟ್. ಪ್ರಾಂತ್ಯಗಳ ನಡುವಿನ ರೈಲ್ವೆ ಕಪ್‌ನಲ್ಲಿ 18 ಪದಕ. ಇವೆಲ್ಲ ಅಂದಿನ ದಾಖಲೆಗಳು. ಎಂಟು ಪದಕಗಳ ಲೆಕ್ಕವನ್ನು 1965ರಲ್ಲಿ ಟಿಪ್ಪರರಿಯ ಜಾನ್ ಡಾಯ್ಲ್ ಸರಿಗಟ್ಟಿದ. 2012ರಲ್ಲಿ ಕಿಲ್ಕೆನಿಯ ಹೆನ್ರಿ ಶೆಫ್ಲಿನ್ ದಾಟಿದ. ಆದರೆ ಕೌಂಟಿ ಬಿಟ್ಟ ಮೇಲೂ ರಿಂಗ್ ಕ್ಲಬ್ಬನ್ನು ಬಿಡಲಿಲ್ಲ. ಗ್ಲೆನ್ ರೋವರ್ಸ್‌ಗೆ 1967ರವರೆಗೆ, ನಲವತ್ತಾರು ತುಂಬುವ ವರೆಗೂ ಆಡಿದ. ಅಲ್ಲಿ ಗಳಿಸಿದ ಕೌಂಟಿ ಪದಕಗಳು ಹದಿನಾಲ್ಕು. ಕ್ರೋಕ್ ಪಾರ್ಕ್‌ನ ಎಂಬತ್ತು ಸಾವಿರದ ಬಳಿಕ ಬಡಾವಣೆಯ ನೂರಾರು ಜನರೆದುರು ಅಷ್ಟೇ ಬಿರುಸಿನಿಂದ ಆಡುವುದು ಎಲ್ಲರಿಗೂ ಆಗುವ ಕೆಲಸವಲ್ಲ. ನಂತರ ಆಯ್ಕೆಗಾರನಾಗಿ ಮರಳಿ, 1976, 77, 78ರಲ್ಲಿ ಕಾರ್ಕ್ ಸತತ ಮೂರು ಬಾರಿ ಗೆದ್ದಾಗ ಜೊತೆಗಿದ್ದ.

1979ರ ಮಾರ್ಚ್ 2ರಂದು ಕಾರ್ಕ್ ನಗರದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಐವತ್ತೆಂಟು. ಬ್ಲ್ಯಾಕ್‌ಪೂಲಿನ ಕ್ಲಬ್ಬಿಗಾಗಿ ಇಪ್ಪತ್ತಾರು ವರ್ಷ ಆಡಿದವನನ್ನು ಮಣ್ಣು ಮಾಡಿದ್ದು, ಹದಿಹರೆಯ ದಾಟುವ ಹೊತ್ತಿಗೆ ಬಿಟ್ಟುಬಂದಿದ್ದ ಕ್ಲೋಯ್ನ್‌ನಲ್ಲಿ. ಸಮಾಧಿಯ ಬಳಿ ನಿಂತು ಮಾತಾಡಿದವನು ಅಂದಿನ ಪ್ರಧಾನಮಂತ್ರಿ ಜ್ಯಾಕ್ ಲಿಂಚ್, ಗ್ಲೆನ್ ರೋವರ್ಸ್‌ನ ಹಳೆಯ ಜೊತೆಗಾರ.

1993ರಲ್ಲಿ ಕಾರ್ಕ್ ನಗರದಲ್ಲಿ ಅವನ ಹೆಸರಿನ ಮೈದಾನ ತೆರೆಯಿತು. ಗೇಲಿಕ್ ಸಂಸ್ಥೆ ಅದನ್ನು ಕೊಂಡುಕೊಂಡದ್ದು. ಅದಕ್ಕೆ ಮೊದಲು ಅಲ್ಲಿ ಆಡುತ್ತಿದ್ದುದು, ಒಂದು ಕಾಲಕ್ಕೆ ಅವನು ಆಡಿದ್ದರೆ ಹೊರಹಾಕುತ್ತಿದ್ದ ಪರದೇಶಿ ಆಟ, ಫುಟ್‌ಬಾಲ್.